ಸುಣ್ಣದ ವಶದಲ್ಲಿ ಇಂಗಾಲ

ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದವರೆಲ್ಲರಿಗೂ ನೆನಪಿರುವ ಪ್ರಯೋಗವೊಂದಿದೆ. ಗಾಜಿನ ಲೋಟದಲ್ಲಿ ಸುಣ್ಣದ ತಿಳಿನೀರನ್ನು ತೆಗೆದುಕೊಂಡು, ಕೊಳವೆಯೊಂದನ್ನು ಅದರಲ್ಲಿ ಅದ್ದಿ ಮೆಲ್ಲನೆ ಊದಬೇಕು. ತಿಳಿಯಾಗಿದ್ದ ನೀರು ಕೆಲವೇ ಕ್ಷಣಗಳಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನಲ್ಲಿ ಅಂಗಾರಾಮ್ಲ ವಾಯು, ಅಂದರೆ ಇಂಗಾಲದ ಡೈಆಕ್ಸೈಡ್ ಇದೆಯೆಂಬುದು ಇದರಿಂದ ಸಿದ್ಧವಾಯಿತೆಂದು ಹೇಳಿ, ನಮ್ಮ ಮೇಷ್ಟರು ಲೋಟವನ್ನು ಕಿಟಕಿಯಲ್ಲಿಟ್ಟು ಮುಂದಿನ ಪಾಠಕ್ಕೆ ಹೋದರು. ಮರುದಿನ ನೋಡಿದರೆ ನೀರು ಮತ್ತೆ ತಿಳಿಯಾಗಿತ್ತು; ತಳದಲ್ಲಿ ಬಿಳಿಯ ಗಸಿ ಕುಳಿತಿತ್ತು. ಆ ಗಸಿಯನ್ನು ಕುರಿತು ಯಾರೂ ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಿನ್ನೆ ನನ್ನ ಎದೆಯೊಳಗಿದ್ದ ಉಸಿರಿನ ಒಂದಂಶ ಇಂದು ಕಲ್ಲಾಗಿ ಲೋಟದ ತಳವನ್ನು ಸೇರಿದೆ ಎಂಬ ಸಂಗತಿ ನನಗೆ ಹೊಳೆಯುವುದಕ್ಕೆ ಐವತ್ತು ವರ್ಷ ಬೇಕಾಯಿತು.

ಆ ಗಸಿಯೇ ಇಂದಿನ ನನ್ನ ಮಾತಿನ ವಸ್ತು. ನಾನು ಓದಿದ್ದೂ ಕಲಿಸಿದ್ದೂ ಕನ್ನಡ ಸಾಹಿತ್ಯ. ಆದರೆ ನನ್ನ ಸಂಜೆಯ ತಿರುಗಾಟದ ಸಂಗಾತಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಬಾಯಿಂದ ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಅಣುಸ್ಥಾವರಗಳು ಉಳಿಸುವ ತ್ಯಾಜ್ಯದಲ್ಲಿ ವಿಕಿರಣಶೀಲವಾದ ಒಂದು ಬಗೆಯ ಇಂಗಾಲವೂ ಸೇರಿದೆ. ಅದನ್ನು ಸಾವಿರಾರು ವರ್ಷಗಳ ಕಾಲ ಯಾವುದರಲ್ಲಿ ಬಂಧಿಸಿಡುವುದು ಎಂಬ ಪ್ರಶ್ನೆಗೆ ವಿಜ್ಞಾನಿಗಳು ಕೊಡುತ್ತಿರುವ ಉತ್ತರಗಳಲ್ಲಿ ನಮ್ಮ ಲೋಟದ ಗಸಿಯೂ ಒಂದು.

ಇಂಗಾಲವೆಂಬುದು ಒಂದೇ ಮೂಲವಸ್ತುವಾದರೂ ಅದರ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಬಹುಪಾಲು ಪರಮಾಣುಗಳ ಭಾರ 12. ನೂರರಲ್ಲಿ ಒಂದರಷ್ಟರದು 13. ಇವೆರಡೂ ನೆಮ್ಮದಿಯವು. ಮೂರನೆಯದು ಇಂಗಾಲ-14. ಇದರ ಬೀಜದಲ್ಲಿ ಆರು ಪ್ರೋಟಾನುಗಳಿಗೆ ಎಂಟು ನ್ಯೂಟ್ರಾನುಗಳು ಸೇರಿಕೊಂಡಿರುವುದರಿಂದ ಅದಕ್ಕೆ ಸ್ಥಿರತೆಯಿಲ್ಲ. ಒಂದಲ್ಲ ಒಂದು ದಿನ ಅದು ಎಲೆಕ್ಟ್ರಾನೊಂದನ್ನು ಹೊರಚೆಲ್ಲಿ ಸಾರಜನಕವಾಗಿಬಿಡುತ್ತದೆ. ಅದು ಹುಟ್ಟುವುದೂ ಸಾರಜನಕದಿಂದಲೇ: ಆಕಾಶದ ಆಚೆಯಿಂದ ಬರುವ ವಿಶ್ವಕಿರಣಗಳು ಮೇಲಣ ವಾಯುಮಂಡಲದಲ್ಲಿ ನ್ಯೂಟ್ರಾನುಗಳನ್ನು ಚಿಮ್ಮಿಸಿ, ಆ ನ್ಯೂಟ್ರಾನುಗಳು ಸಾರಜನಕಕ್ಕೆ ಬಡಿದಾಗ ಇಂಗಾಲ-14 ಜನಿಸುತ್ತದೆ. ಗಾಳಿಯಲ್ಲಿರುವ ಇಂಗಾಲದ ಪರಮಾಣುಗಳಲ್ಲಿ ಇದರ ಪಾಲು ಲಕ್ಷ ಕೋಟಿಗೆ ಒಂದರಷ್ಟು.

ಇದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಈ 'ಅರ್ಧಾಯುಷ್ಯ' ಎಂಬ ನಮ್ಮ ಪಾರಿಭಾಷಿಕ ಪದ ಕೊಂಚ ದಾರಿತಪ್ಪಿಸುವಂಥದು. ಅರ್ಧ ಇಷ್ಟಾದರೆ ಪೂರ್ಣಾಯುಷ್ಯ ಇದರ ಎರಡರಷ್ಟು ಎಂದು ನಮ್ಮ ಕಿವಿ ಊಹಿಸುತ್ತದೆ. ಹಾಗಲ್ಲ. 5,730 ವರ್ಷ ಕಳೆದರೆ ಅರ್ಧ ಉಳಿಯುತ್ತದೆ. ಮತ್ತಷ್ಟೇ ಕಾಲ ಕಳೆದರೆ ಕಾಲು. ಹೀಗೆ ಹತ್ತು ಸಲ ಕಳೆದ ಮೇಲೆ, ಎಂದರೆ 57,000 ವರ್ಷಗಳಾಚೆ, ಸಾವಿರದಲ್ಲಿ ಒಂದು ಪಾಲು. ನಮಗೆ ಪರಿಚಿತವಾದ ಅಳತೆಯನ್ನು ಹಿಡಿದು ಹೇಳುವುದಾದರೆ, ಐದನೆಯ ಶತಮಾನದಲ್ಲಿ ಹಲ್ಮಿಡಿಯ ಶಾಸನವನ್ನು ಕಂಡರಿಸಿದ ದಿನ ಒಂದು ಡಬ್ಬಿಯಲ್ಲಿ ಈ ಇಂಗಾಲವನ್ನು ತುಂಬಿ ಮುಚ್ಚಿದ್ದರೆ, ಇಂದಿಗೆ ಅದರಲ್ಲಿ ಕ್ಷಯಿಸಿರುವುದು ಸುಮಾರು ಆರನೆಯ ಒಂದು ಪಾಲು ಮಾತ್ರ. ಕನ್ನಡದ ಬರೆಹದ ಇತಿಹಾಸವೆಲ್ಲ ಇದರ ಲೆಕ್ಕದಲ್ಲಿ ಒಂದು ಬೆಳಗಿನ ಹೊತ್ತು.

ಈ ಇಂಗಾಲವನ್ನು ಮನುಷ್ಯರು ಮೊದಲು ಗುರುತಿಸಿದ್ದು 1940ರ ಫೆಬ್ರುವರಿಯಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ. ಮಾರ್ಟಿನ್ ಕೇಮನ್ ಎಂಬ ತರುಣ ಸೈಕ್ಲೋಟ್ರಾನ್ ಯಂತ್ರದಲ್ಲಿ ಗ್ರಾಫೈಟನ್ನು ರಾತ್ರಿಗಟ್ಟಲೆ ತಾಡಿಸಿದ. ಅವನ ಗೆಳೆಯ ಸ್ಯಾಮ್ ರೂಬೆನ್ ಆ ಗ್ರಾಫೈಟನ್ನು ಸುಟ್ಟು, ಬಂದ ವಾಯುವನ್ನು ಸುಣ್ಣದೊಡನೆ ಕೂಡಿಸಿ ಬಿಳಿಯ ಪುಡಿಯಾಗಿಸಿ ಎಣಿಕೆಯ ಉಪಕರಣದೊಳಗಿಟ್ಟ. ಪುಡಿ ಮಾತನಾಡಿತು. ಮನುಷ್ಯರು ಎಣಿಸಿದ ಮೊದಲ ಇಂಗಾಲ-14 ಹೀಗೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಎಂದರೆ ಸುಣ್ಣಕಲ್ಲಿನ, ವೇಷದಲ್ಲಿತ್ತು. ಆ ತರುಣರಿಬ್ಬರ ಮುಂದಿನ ಕಥೆ ಸುಖದ್ದಲ್ಲ. ರೂಬೆನ್ 1943ರಲ್ಲಿ ಪ್ರಯೋಗಶಾಲೆಯಲ್ಲೇ ಫಾಸ್ಜೀನ್ ಎಂಬ ವಿಷವಾಯುವಿಗೆ ಬಲಿಯಾದ. ಕೇಮನ್ ಯುದ್ಧಕಾಲದ ಸಂಶಯಕ್ಕೆ ಗುರಿಯಾಗಿ ಕೆಲಸ ಕಳೆದುಕೊಂಡ. ಇದರಿಂದ ಪ್ರಾಚೀನ ವಸ್ತುಗಳ ಕಾಲನಿರ್ಣಯ ಮಾಡುವ ವಿಧಾನವನ್ನು ಕಂಡುಹಿಡಿದು 1960ರಲ್ಲಿ ನೊಬೆಲ್ ಪಡೆದವನು ವಿಲಾರ್ಡ್ ಲಿಬ್ಬಿ.

ಪ್ರಕೃತಿ ಆಕಾಶದಲ್ಲಿ ಮಾಡುವುದನ್ನು ಅಣುಸ್ಥಾವರ ತನ್ನ ಒಡಲಲ್ಲಿ ಮಾಡುತ್ತದೆ. ಅಲ್ಲಿ ನ್ಯೂಟ್ರಾನುಗಳಿಗೆ ಬರವಿಲ್ಲ. ಇಂಗ್ಲೆಂಡಿನಲ್ಲಿ 1956ರಲ್ಲಿ ಕಾಲ್ಡರ್ ಹಾಲ್ ಸ್ಥಾವರ ಆರಂಭವಾದಂದಿನಿಂದ ಅಲ್ಲಿ ಕಟ್ಟಿದ ಬಹುತೇಕ ಸ್ಥಾವರಗಳು ನ್ಯೂಟ್ರಾನುಗಳ ವೇಗ ತಗ್ಗಿಸಲು ಗ್ರಾಫೈಟಿನ ಇಟ್ಟಿಗೆಗಳನ್ನು ಬಳಸಿದವು. ಗ್ರಾಫೈಟೆಂದರೆ ಶುದ್ಧವಾದ ಇಂಗಾಲ; ಪೆನ್ಸಿಲಿನ ಕರಿ. ಆ ಇಟ್ಟಿಗೆಗಳಲ್ಲಿ ಸಿಕ್ಕಿಕೊಂಡಿದ್ದ ಸಾರಜನಕವೂ, ಇಂಗಾಲ-13 ಕೂಡ, ದಶಕಗಳ ಕಾಲ ನ್ಯೂಟ್ರಾನುಗಳನ್ನು ನುಂಗಿ ಇಂಗಾಲ-14 ಆಗಿವೆ. ಬ್ರಿಟನ್ನಿನಲ್ಲಿ ಇಂಥ ಗ್ರಾಫೈಟು ಒಂದು ಲಕ್ಷ ಟನ್ನಿನ ಸಮೀಪ ಇದೆ. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಗ್ರಾಫೈಟಿಲ್ಲ. ಅಲ್ಲಿನ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಲ್ಲಿ ಆ ಕೆಲಸ ಮಾಡುವುದು ಭಾರಜಲ. ಆದರೆ ಜಲದಲ್ಲಿ ಆಮ್ಲಜನಕವುಂಟಷ್ಟೆ. ಸಹಜವಾದ ಆಮ್ಲಜನಕದ ಪ್ರತಿ 10,000 ಪರಮಾಣುಗಳಲ್ಲಿ ನಾಲ್ಕರಷ್ಟು 17 ಭಾರದವು. ಅವು ನ್ಯೂಟ್ರಾನನ್ನು ನುಂಗಿ ಇಂಗಾಲ-14 ಆಗುತ್ತವೆ. ಭಾರಜಲದ ಸ್ಥಾವರಗಳಲ್ಲೆಲ್ಲ ಇದು ಸಹಜವಾದ ಸಂಗತಿ. ಕರಗಿದ ಅಂಗಾರಾಮ್ಲ ವಾಯುವಾಗಿ, ಬೈಕಾರ್ಬೊನೇಟಾಗಿ ನೀರಿನಲ್ಲಿರುವ ಅದನ್ನು ರಾಳದ ಮಣಿಗಳ ಮೂಲಕ ಹಾಯಿಸಿ ಹಿಡಿದಿಡುತ್ತಾರೆ.

ಹಿಡಿದಿಡಬೇಕೇಕೆ? ಇಲ್ಲಿ ಉತ್ಪ್ರೇಕ್ಷೆಯಿಲ್ಲದೆ ಮಾತಾಡಬೇಕು. ಇಂಗಾಲ-14 ಅಣುತ್ಯಾಜ್ಯದ ರೌದ್ರವಾದ ವಸ್ತುವಲ್ಲ. ಅದು ಹೊರಸೂಸುವ ಎಲೆಕ್ಟ್ರಾನು ಗಾಳಿಯಲ್ಲಿ ಒಂದು ಗೇಣಿಗಿಂತ ಹೆಚ್ಚು ದೂರ ಹೋಗದು. ಅಷ್ಟೇ ಅಲ್ಲ, ಈ ಮಾತನ್ನು ಕೇಳುತ್ತಿರುವ ತಮ್ಮೆಲ್ಲರ ದೇಹದಲ್ಲಿಯೂ ಈ ಕ್ಷಣದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 3,000 ಇಂಗಾಲ-14 ಪರಮಾಣುಗಳು ಕ್ಷಯಿಸುತ್ತಿವೆ. ಅನ್ನದಿಂದ ಬಂದದ್ದು ಅದು. ತೊಡಕಿರುವುದು ಇಲ್ಲಿಯೇ. ಬೇರೆ ವಿಕಿರಣ ವಸ್ತುಗಳು ದೇಹಕ್ಕೆ ಪರಕೀಯರು, ಇಂಗಾಲ ಮನೆಯವನು. ಎಲೆ ಅದನ್ನು ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ, ಕಾಳು ಅದನ್ನು ತುಂಬಿಕೊಳ್ಳುತ್ತದೆ, ಹಸು ಮೇಯುತ್ತದೆ, ಮಗು ಕುಡಿಯುತ್ತದೆ. ಅದು ಹೋಗದ ಜೀವಕೋಶವಿಲ್ಲ. ವಾಯುವಾಗಿ ಹೊರಟರೆ ಯಾವ ದೇಶದ ಗಡಿಯೂ ಅದಕ್ಕೆ ಇಲ್ಲ. 1950ರ ದಶಕದಲ್ಲಿಯೂ 1960ರ ದಶಕದ ಆರಂಭದಲ್ಲಿಯೂ ಬಯಲಿನಲ್ಲಿ ನಡೆದ ಬಾಂಬುಗಳ ಪರೀಕ್ಷೆಯಿಂದ ಉತ್ತರಾರ್ಧ ಗೋಳದ ಗಾಳಿಯಲ್ಲಿ ಇದರ ಪ್ರಮಾಣ ಬಹುಮಟ್ಟಿಗೆ ಇಮ್ಮಡಿಯಾಯಿತು. ಆ ಕಾಲದಲ್ಲಿ ಹುಟ್ಟಿದ ನನ್ನಂಥವರ ಹಲ್ಲಿನಲ್ಲಿ ಅದರ ಗುರುತು ಈಗಲೂ ಇದೆ.

ಹಾಗಾದರೆ ಇದಕ್ಕೆ ತಕ್ಕ ಸೆರೆಮನೆ ಯಾವುದು? ಅತ್ಯಂತ ತೀಕ್ಷ್ಣವಾದ ಅಣುತ್ಯಾಜ್ಯವನ್ನು ಗಾಜಿನೊಡನೆ ಕರಗಿಸಿ ಎರಕಹೊಯ್ಯುವ ಪದ್ಧತಿ ಇದೆ. ನಮ್ಮ ದೇಶದ ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲೂ ಅದು ನಡೆದಿದೆ. ಇಂಗಾಲಕ್ಕೆ ಆ ದಾರಿ ಮುಚ್ಚಿದೆ. ಸುಣ್ಣದ ಗೂಡನ್ನು ಕಂಡವರಿಗೆ ಕಾರಣವನ್ನು ವಿವರಿಸಬೇಕಾಗಿಲ್ಲ. ಸುಣ್ಣಕಲ್ಲನ್ನೋ ಕಪ್ಪೆಚಿಪ್ಪನ್ನೋ ಗೂಡಿಗೆ ತುಂಬಿ ಸುಟ್ಟಾಗ, 900 ಡಿಗ್ರಿಯ ಆಸುಪಾಸಿನಲ್ಲಿ ಕಲ್ಲು ತನ್ನೊಳಗಿನ ಅಂಗಾರಾಮ್ಲ ವಾಯುವನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತದೆ. ಗಾಜಿನ ಕುಲುಮೆಯ ಕಾವು ಅದಕ್ಕಿಂತಲೂ ಹೆಚ್ಚು. ಅಲ್ಲಿ ಹಾಕಿದ ಕಾರ್ಬೊನೇಟು ಕರಗುವುದಕ್ಕೆ ಮೊದಲೇ ಕೈದಿ ಚಿಮಣಿಯಲ್ಲಿ ಹೊರಟುಹೋಗಿರುತ್ತಾನೆ. ಆದುದರಿಂದ ಬೆಂಕಿಯಿಲ್ಲದ ಉಪಾಯ ಬೇಕು. ಅದು ನಮ್ಮ ಪ್ರೌಢಶಾಲೆಯ ಲೋಟದಲ್ಲಿಯೇ ಇತ್ತು. ಇಂಗಾಲವನ್ನು ವಾಯುವಾಗಿ ಬಿಡಿಸಿ, ಸುಣ್ಣದ ಬಳಗದ ಕ್ಷಾರವೊಂದರೊಡನೆ ಕೂಡಿಸಿ, ನೀರಿನಲ್ಲಿ ಕರಗದ ಗಸಿಯಾಗಿಸಿ, ಆ ಗಸಿಯನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿಯಾಗಿಸುವುದು.

ಇದು ಕಾಗದದ ಮೇಲಿನ ಯೋಜನೆಯಲ್ಲ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಸೆಲ್ಲಾಫೀಲ್ಡಿನಲ್ಲಿ ಥಾರ್ಪ್ ಎಂಬ ಕಾರ್ಖಾನೆ 1994ರಿಂದ 2018ರವರೆಗೆ, ಸ್ಥಾವರಗಳಲ್ಲಿ ಉರಿದು ಮುಗಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಸಂಸ್ಕರಿಸುತ್ತಿತ್ತು. ಕರಗಿಸುವಾಗ ಏಳುವ ವಾಯುಗಳಲ್ಲಿ ಇಂಗಾಲ-14 ಇರುತ್ತಿತ್ತು. ಅದನ್ನು ಕ್ಷಾರದ ದ್ರಾವಣದಲ್ಲಿ ತೊಳೆದು ಹಿಡಿದು, ಬೇರಿಯಂ ಲವಣವನ್ನು ಬೆರೆಸಿ ಬೇರಿಯಂ ಕಾರ್ಬೊನೇಟಾಗಿ ಗಸಿಗೊಳಿಸಿ, ಆ ಬಿಳಿಯ ಕೆಸರನ್ನು ಸಿಮೆಂಟಿನೊಡನೆ 500 ಲೀಟರಿನ ಉಕ್ಕಿನ ಪೀಪಾಯಿಗಳಲ್ಲಿ ಹೆಪ್ಪುಗಟ್ಟಿಸಿದರು.

ಬೇರಿಯಂ ಏಕೆ, ಸುಣ್ಣವೇ ಸಾಲದಾಗಿತ್ತೆ ಎಂದು ನಾನು ನನ್ನ ಮಿತ್ರರನ್ನು ಕೇಳಿದೆ. ಈ ಕಾರ್ಬೊನೇಟುಗಳದು ದೊಡ್ಡ ಮನೆತನ. ಸುಣ್ಣಕಲ್ಲಿನ ಕ್ಯಾಲ್ಸೈಟ್ ಅದರ ಹಿರಿಯ. ಮೆಗ್ನೀಷಿಯಂ ಕೂಡಿದರೆ ಮ್ಯಾಗ್ನಸೈಟ್, ಎರಡೂ ಕೂಡಿದರೆ ಡಾಲಮೈಟ್, ಕಬ್ಬಿಣ ಕೂಡಿದರೆ ಸಿಡರೈಟ್. ಸ್ಟ್ರಾನ್ಷಿಯಂನದು ಸ್ಕಾಟ್ಲೆಂಡಿನ ಹಳ್ಳಿಯೊಂದರ ಹೆಸರನ್ನು ಹೊತ್ತ ಸ್ಟ್ರಾನ್ಷಿಯನೈಟ್. ಬೇರಿಯಂನದು ವಿದರೈಟ್; ಹೃದ್ರೋಗಕ್ಕೆ ಡಿಜಿಟಾಲಿಸ್ ಮದ್ದನ್ನು ಬಳಕೆಗೆ ತಂದ ವಿಲಿಯಂ ವಿದರಿಂಗ್ ಎಂಬ ವೈದ್ಯನ ಹೆಸರು ಅದಕ್ಕೆ ಅಂಟಿದೆ. ವೈದ್ಯನ ಹೆಸರಿನ ಈ ಖನಿಜ ಇಲಿಪಾಷಾಣವಾಗಿಯೂ ಬಳಕೆಯಲ್ಲಿತ್ತೆಂಬುದು ಒಂದು ವಿನೋದ. ಇವುಗಳಲ್ಲಿ ಕೆಲವು ಕ್ಯಾಲ್ಸೈಟಿಗಿಂತ ಕಡಿಮೆ ಕರಗುತ್ತವೆ. ಸೀಸದ ಕಾರ್ಬೊನೇಟಂತೂ ಇನ್ನೂ ಬಹಳ ಕಡಿಮೆ; ಆದರೆ ಸೀಸ ತಾನೇ ವಿಷ. ಬೇರಿಯಂನ ಅನುಕೂಲವೆಂದರೆ ಅದರ ಕ್ಷಾರ ಸುಣ್ಣಕ್ಕಿಂತ ಚೆನ್ನಾಗಿ ನೀರಿನಲ್ಲಿ ಕರಗುವುದರಿಂದ ಅಂಗಾರಾಮ್ಲ ವಾಯುವನ್ನು ತಡವಿಲ್ಲದೆ, ಬಹುತೇಕ ಪೂರ್ತಿಯಾಗಿ ಹಿಡಿಯುತ್ತದೆ. ಅನನುಕೂಲವೂ ಇದೆ. ಗಂಧಕಾಮ್ಲದ ಲವಣಗಳಾದ ಸಲ್ಫೇಟುಗಳನ್ನು ಕಂಡರೆ ಬೇರಿಯಂಗೆ ಇನ್ನೂ ಹೆಚ್ಚಿನ ಒಲವು. ಅಂತರ್ಜಲದಲ್ಲೋ ಸಿಮೆಂಟಿನ ಜಿಪ್ಸಂನಲ್ಲೋ ಸಲ್ಫೇಟು ಎದುರಾದರೆ ಅದು ಕೈಹಿಡಿದಿದ್ದ ಕಾರ್ಬೊನೇಟನ್ನು ಬಿಟ್ಟು ಆ ಕಡೆಗೆ ಹೋಗಿಬಿಡುತ್ತದೆ. ಹಾಗೆ ಅನಾಥವಾದ ಕಾರ್ಬೊನೇಟನ್ನು ಎತ್ತಿಕೊಳ್ಳುವುದು ಯಾವುದು? ಸಿಮೆಂಟಿನಲ್ಲಿ ಹೇರಳವಾಗಿರುವ ಸುಣ್ಣವೇ. ಹೀಗೆ ಸುತ್ತಿ ಬಳಸಿ ಮತ್ತೆ ಕ್ಯಾಲ್ಸೈಟಿಗೇ ಬಂದೆವು.

ಸಿಮೆಂಟಿಗೆ ನೂರೈವತ್ತು, ಇನ್ನೂರು ವರ್ಷಗಳ ಅನುಭವ ಮಾತ್ರ ಇದೆ. ಸಾವಿರಾರು ವರ್ಷಗಳ ಭರವಸೆಯನ್ನು ಯಾವ ಪ್ರಯೋಗಶಾಲೆ ತಾನೇ ಕೊಟ್ಟೀತು? ನನಗೆ ಅತ್ಯಂತ ಮನವರಿಕೆಯಾದ ಸಾಕ್ಷ್ಯ ದೊರೆತದ್ದು ಹಳೆಯ ಗೋಡೆಗಳಲ್ಲಿ. ಗಾರೆ ಗಟ್ಟಿಯಾಗುವುದು ಹೇಗೆಂಬುದನ್ನು ನೆನೆಯಿರಿ. ಕೋಟ್ಯಂತರ ವರ್ಷ ಹಳೆಯದಾದ ಸುಣ್ಣಕಲ್ಲಿನಲ್ಲಿ ಇಂಗಾಲ-14 ಎಂದೋ ಸವೆದು ಹೋಗಿರುತ್ತದೆ. ಗೂಡಿನಲ್ಲಿ ಸುಟ್ಟಾಗ ಆ ಹಳೆಯ ಇಂಗಾಲವೆಲ್ಲ ಹೊರಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಬೆರೆಸಿ, ಗೋಡೆಗೆ ಮೆತ್ತಿದ ಮೇಲೆ ಸುಣ್ಣ ತಾನು ಕಳೆದುಕೊಂಡದ್ದನ್ನು ಗಾಳಿಯಿಂದ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ವಿಜಯಪುರದ ಗೋಳಗುಮ್ಮಟದ ಗಾರೆ ಗಟ್ಟಿಯಾದದ್ದೂ ಹೀಗೆಯೇ. ಗಾಳಿಯ ಆ ಇಂಗಾಲದಲ್ಲಿ ಅಂದಿನ ಇಂಗಾಲ-14 ಇರುತ್ತದಷ್ಟೆ. ಅದು ಗೋಡೆಯೊಳಗೆ ಸಿಕ್ಕಿಬೀಳುತ್ತದೆ. ಆದುದರಿಂದ ಗಾರೆಯಲ್ಲಿ ಎಷ್ಟು ಉಳಿದಿದೆಯೆಂದು ಅಳೆದರೆ ಕಟ್ಟಡ ಯಾವಾಗ ಎದ್ದಿತೆಂದು ಹೇಳಬಹುದು. 1960ರ ದಶಕದಿಂದ ಈ ಪ್ರಯತ್ನ ನಡೆದಿದೆ. ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಮಧ್ಯಯುಗದ ಚರ್ಚುಗಳ ಕಾಲವನ್ನು ಈ ಬಗೆಯಲ್ಲಿ ಗೊತ್ತುಮಾಡಿದ್ದಾರೆ. ಮಳೆ, ಹಿಮ, ಬಿಸಿಲುಗಳ ನಡುವೆ ನೂರಾರು ವರ್ಷ ನಿಂತ ಗೋಡೆ ತನ್ನ ಪಾಲಿನ ಇಂಗಾಲ-14ನ್ನು ಕಾದಿಟ್ಟುಕೊಂಡಿದೆ ಎಂಬುದಲ್ಲವೇ ಇದರ ಅರ್ಥ? ಕಾಲನಿರ್ಣಯದವರು ಅದನ್ನು ಗಡಿಯಾರವೆನ್ನುತ್ತಾರೆ. ನನ್ನ ಕಣ್ಣಿಗೆ ಅದು ಸೆರೆಮನೆಯ ದಾಖಲೆಪುಸ್ತಕವಾಗಿಯೂ ಕಾಣುತ್ತದೆ.

ಆದರೆ ಆ ಪುಸ್ತಕವನ್ನು ಪ್ರಾಮಾಣಿಕವಾಗಿ ಓದಬೇಕು. ಗಾರೆಯ ಕಾಲನಿರ್ಣಯ ಎಷ್ಟೋ ಸಲ ತಪ್ಪುತ್ತದೆ. ಸರಿಯಾಗಿ ಬೇಯದ ಸುಣ್ಣಕಲ್ಲಿನ ಚೂರು ಉಳಿದಿದ್ದರೆ ಗೋಡೆ ಇರುವುದಕ್ಕಿಂತ ಹಳೆಯದಾಗಿ ತೋರುತ್ತದೆ. ಅದರಿಂದ ನಮಗೆ ಇಲ್ಲಿ ಬಾಧೆಯಿಲ್ಲ. ತೇವ ತಗುಲಿದ ಕಡೆಗಳಲ್ಲಿ ಕ್ಯಾಲ್ಸೈಟು ಕೊಂಚ ಕರಗಿ, ಹೊಸ ಇಂಗಾಲವನ್ನು ಸೇರಿಸಿಕೊಂಡು ಮತ್ತೆ ಹರಳಾದರೆ, ಗೋಡೆ ಇರುವುದಕ್ಕಿಂತ ಎಳೆಯದಾಗಿ ತೋರುತ್ತದೆ. ಇದು ಬಾಧೆಯ ಮಾತು. ಏಕೆಂದರೆ ಹೊಸದು ಒಳಗೆ ಬಂದಿತೆಂದರೆ ಹಳೆಯದು ಹೊರಗೆ ಹೋಯಿತೆಂದೇ ಲೆಕ್ಕ. ಕಲ್ಲಿನ ತೂಕ ಗುಂಜಿಯಷ್ಟೂ ಕಡಿಮೆಯಾಗದೆ, ಆಕಾರ ಬದಲಾಗದೆ, ಕೈದಿಗಳು ಒಬ್ಬೊಬ್ಬರಾಗಿ ವೇಷ ಬದಲಿಸಿ ಹೊರಬೀಳಬಹುದು. ಸುಣ್ಣಕಲ್ಲಿಗೆ ಆಮ್ಲವೆಂದರೆ ಆಗದು ಎಂಬುದು ನಮಗೆಲ್ಲ ಗೊತ್ತು. ಮಳೆಯ ನೀರಿನಲ್ಲಿ ಕರಗಿದ ಅಂಗಾರಾಮ್ಲವೇ ಗುಹೆಗಳನ್ನು ಕೊರೆಯಲು ಸಾಕು. ಅದಕ್ಕಿಂತ ಸೂಕ್ಷ್ಮವಾದ ಅಪಾಯ ಈ ಅದಲುಬದಲು. ಇನ್ನೂ ಒಂದುಂಟು. ಆಳದ ಭಂಡಾರದಲ್ಲಿ ಉಕ್ಕು ತುಕ್ಕು ಹಿಡಿದಾಗ ಜಲಜನಕ ಹೊರಡುತ್ತದೆ. ಆ ಜಲಜನಕವನ್ನೂ ಕಾರ್ಬೊನೇಟನ್ನೂ ಕೂಡಿಸಿ ಮೀಥೇನ್ ವಾಯುವನ್ನು ಮಾಡಿ ಬದುಕುವ ಸೂಕ್ಷ್ಮಾಣುಗಳಿವೆ. ಮೀಥೇನನ್ನು ಸುಣ್ಣ ಹಿಡಿಯಲಾರದು.

ಈ ಮೂರಕ್ಕೂ ಮದ್ದು ಬಹುಮಟ್ಟಿಗೆ ಒಂದೇ: ಕಲ್ಲು ನಿಂತಿರುವ ನೀರು ತೀಕ್ಷ್ಣವಾದ ಕ್ಷಾರವಾಗಿರಬೇಕು. ಸಿಮೆಂಟಿನ ರಂಧ್ರಗಳ ನೀರು ಅಂಥದು. ಅಲ್ಲಿ ಕ್ಯಾಲ್ಸಿಯಂ ಹೇರಳವಾಗಿ, ಕರಗಿದ ಕಾರ್ಬೊನೇಟು ಅತ್ಯಲ್ಪವಾಗಿ ಇರುತ್ತದೆ. ಅದಲುಬದಲಿಗೆ ಬೇಕಾದ ಹೊಸ ಇಂಗಾಲವೇ ಹತ್ತಿರ ಸುಳಿಯದು. ಸೂಕ್ಷ್ಮಾಣುಗಳಿಗೂ ಅಲ್ಲಿ ಬಾಳುವೆ ಕಷ್ಟ. ಆದುದರಿಂದ ಬ್ರಿಟನ್ನಿನವರು ಭೂಗರ್ಭದ ಭಂಡಾರಕ್ಕಾಗಿ ರೂಪಿಸಿದ ತುಂಬುಗಾರೆಯಲ್ಲಿ ಸಿಮೆಂಟಿನ ಜತೆಗೆ ಅರಳಿಸಿದ ಸುಣ್ಣವನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಸೇರಿಸಿದ್ದಾರೆ. ಇಂಥ ಕ್ಷಾರಜಲ ಎಷ್ಟು ಕಾಲ ಉಳಿದೀತೆಂಬ ಶಂಕೆಗೆ ಜೋರ್ಡನ್ ದೇಶದ ಮಕಾರಿನ್ ಎಂಬಲ್ಲಿ ಪ್ರಕೃತಿಯ ಉದಾಹರಣೆಯೇ ಇದೆ; ಅಲ್ಲಿ ನೆಲದೊಳಗೆ ತಾನಾಗಿಯೇ ಸುಟ್ಟು ಸಿಮೆಂಟಿನಂತಾದ ಸುಣ್ಣಕಲ್ಲಿನಿಂದ ಇಂದಿಗೂ ಸುಣ್ಣದ ತಿಳಿಯಂಥ ನೀರು ಜಿನುಗುತ್ತದೆ. ಬರಿಯ ಕಲ್ಲನ್ನು ನಂಬುವುದಲ್ಲ, ಕಲ್ಲಿನ ನೆರೆಹೊರೆಯನ್ನು ನೋಡಿ ನಂಬಬೇಕೆಂಬುದು ಇದರಿಂದ ನನಗೆ ತಿಳಿದ ವಿಷಯ.

ಇಂಗಾಲ-14 ಕಲ್ಲಾಗುವುದನ್ನು ನೆಲದೊಳಗೇ ಪತ್ತೆಹಚ್ಚಿದ ನಿದರ್ಶನವೊಂದು ಐಸ್ಲೆಂಡಿನಿಂದ ಬಂದಿದೆ. ಅದರ ಉದ್ದೇಶ ಬೇರೆ. 2012ರಲ್ಲಿ ಅಲ್ಲಿನ ಹೆಲ್ಲಿಶೇಯ್ದಿ ಎಂಬಲ್ಲಿ 175 ಟನ್ ಅಂಗಾರಾಮ್ಲ ವಾಯುವನ್ನು ನೀರಿನಲ್ಲಿ ಕರಗಿಸಿ, ಲಾವಾರಸ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಬಂಡೆಯೊಳಕ್ಕೆ ಇಳಿಸಿದರು. ಭೂಮಿ ಬಿಸಿಯಾಗುವುದನ್ನು ತಡೆಯುವ ಉಪಾಯಗಳಲ್ಲಿ ಅದೊಂದು. ಇಳಿಸಿದ ಇಂಗಾಲ ಎಲ್ಲಿಗೆ ಹೋಯಿತೆಂದು ತಿಳಿಯಲು ಅದಕ್ಕೆ ಗುರುತಾಗಿ ಬೆರೆಸಿದ್ದು ಇಂಗಾಲ-14. ಪಕ್ಕದ ಕೊಳವೆಬಾವಿಯಿಂದ ನೀರೆತ್ತಿ ನೋಡುತ್ತಿದ್ದರು. ಕೆಲಕಾಲದ ಮೇಲೆ ಪಂಪು ಕಟ್ಟಿಕೊಂಡು ನಿಂತಿತು. ಮೇಲೆತ್ತಿ ನೋಡಿದರೆ ಅದರ ಮೇಲೆಲ್ಲ ಕ್ಯಾಲ್ಸೈಟ್ ಹರಳುಗಟ್ಟಿತ್ತು. ಆ ಹರಳಿನಲ್ಲಿ ತಾವೇ ಬೆರೆಸಿದ ಇಂಗಾಲ-14 ಇತ್ತು! ಎರಡು ವರ್ಷದೊಳಗೆ ಶೇಕಡ 95ಕ್ಕಿಂತ ಹೆಚ್ಚು ಕಲ್ಲಾಯಿತೆಂದು 2016ರಲ್ಲಿ ಪ್ರಕಟಿಸಿದರು. ಶತಮಾನಗಳು ಬೇಕಾದೀತೆಂದು ಹೆದರಿದ್ದ ಕೆಲಸ ಅದು.

ಇಷ್ಟಾದರೂ ಬ್ರಿಟನ್ನಿನ ಗ್ರಾಫೈಟಿನ ರಾಶಿಗೆ ಈ ಮದ್ದು ಸುಲಭವಲ್ಲ. ಲೆಕ್ಕ ಸರಳವಾಗಿದೆ: ನೂರು ಕಿಲೋ ಕ್ಯಾಲ್ಸೈಟಿನಲ್ಲಿ ಹಿಡಿಯುವ ಇಂಗಾಲ 12 ಕಿಲೋ, ಬೇರಿಯಂ ಕಾರ್ಬೊನೇಟಿನಲ್ಲಾದರೆ ಆರೇ ಕಿಲೋ. ಲಕ್ಷ ಟನ್ ಗ್ರಾಫೈಟನ್ನು ಸುಟ್ಟು ಕಲ್ಲಾಗಿಸಿದರೆ ಎಂಟು ಲಕ್ಷ ಟನ್ನಿಗೂ ಮಿಕ್ಕ ಸುಣ್ಣಕಲ್ಲಾಗುತ್ತದೆ. ಅದರಲ್ಲಿ ಇಂಗಾಲ-14 ಅತಿ ಸಣ್ಣ ಪಾಲು. ಇಡಿಯ ಕಣಜವನ್ನೇ ಹೂಳುವ ಬದಲು ಕಲ್ಲುಹರಳನ್ನು ಆರಿಸಿ ತೆಗೆಯಬೇಕಾದ ಕೆಲಸವಿದು. ಗ್ರಾಫೈಟನ್ನು ಹದವಾಗಿ ಕಾಯಿಸಿದಾಗ ಇಂಗಾಲ-14ರ ಒಂದು ಪಾಲು ಉಳಿದದ್ದಕ್ಕಿಂತ ಮುಂಚೆ ಹೊರಬರುವುದು ಪ್ರಯೋಗಗಳಲ್ಲಿ ಕಂಡಿದೆ. ಆ ಪಾಲನ್ನಷ್ಟೇ ಕಾರ್ಬೊನೇಟಾಗಿಸಬಹುದೆಂಬುದು ಒಂದು ಆಸೆ. ಹಾಗೆ ಬಂದ ಪುಡಿಯನ್ನು ಸಿಮೆಂಟಿನ ನೆರವಿಲ್ಲದೆಯೇ, ಕರಗಿಸದೆ, ಅಂಗಾರಾಮ್ಲ ವಾಯುವಿನ ಒತ್ತಡದಲ್ಲೋ ಬೇಗ ಬೆಸೆಯುವ ಲವಣವನ್ನು ಸೇರಿಸಿಯೋ, ಕಡಿಮೆ ಕಾವಿನಲ್ಲಿ ಒತ್ತಿ ಅಮೃತಶಿಲೆಯಂಥ ಬಿಲ್ಲೆಯಾಗಿಸುವ ಪ್ರಯತ್ನಗಳೂ ನಡೆದಿವೆ. ಪುಡಿಗಿಂತ ಬಿಲ್ಲೆಗೆ ನೀರು ತಾಗುವ ಮೈ ಕಡಿಮೆ. ಮೈ ಕಡಿಮೆಯಾದಷ್ಟೂ ಅದಲುಬದಲು ಕಡಿಮೆ.

ಕನ್ನಡದ ಮೇಷ್ಟರಾಗಿ ನನ್ನನ್ನು ತಟ್ಟಿದ ಸಂಗತಿಯೊಂದನ್ನು ಇಲ್ಲಿ ಹೇಳದಿರಲಾರೆ. 1984ರಲ್ಲಿ ಥಾಮಸ್ ಸೆಬಿಯೋಕ್ ಎಂಬ ಭಾಷಾವಿದ್ವಾಂಸ, ಹತ್ತು ಸಾವಿರ ವರ್ಷಗಳಾಚೆಯ ಜನರಿಗೆ 'ಇಲ್ಲಿ ಅಗೆಯಬೇಡಿ' ಎಂದು ತಿಳಿಸುವುದು ಹೇಗೆಂದು ಅಮೆರಿಕದಲ್ಲಿ ಒಂದು ವರದಿ ಬರೆದ. ಹಲ್ಮಿಡಿಯ ಹದಿನಾರು ಸಾಲಿನ ಅರ್ಥಕ್ಕೆ ನಮ್ಮ ವಿದ್ವಾಂಸರು ಪಟ್ಟ ಪಾಡನ್ನು ಬಲ್ಲ ನನಗೆ ಅಂಥ ಫಲಕದಲ್ಲಿ ಬಹಳ ನಂಬಿಕೆಯಿಲ್ಲ. ಓದುವವರಿಲ್ಲದಾಗಲೂ ಕೆಲಸ ಮಾಡಬೇಕಾದ್ದು ಆ ಬಿಳಿಯ ಗಸಿ.

ಸೆಲ್ಲಾಫೀಲ್ಡಿನ ಥಾರ್ಪ್ ಕಾರ್ಖಾನೆ ಮುಚ್ಚಿದ ಮೇಲೂ ಬೇರಿಯಂ ಕಾರ್ಬೊನೇಟಿನ ಆ ಪೀಪಾಯಿಗಳು ನೆಲದ ಮೇಲೆಯೇ, ಕಾವಲಿನ ಕಟ್ಟಡದಲ್ಲಿ ಸಾಲಾಗಿ ನಿಂತಿವೆ. ಅವು ಇಳಿಯಬೇಕಾದ ಭೂಗರ್ಭದ ಭಂಡಾರಕ್ಕೆ ಬ್ರಿಟನ್ನಿನಲ್ಲಿ ಜಾಗ ಇನ್ನೂ ಗೊತ್ತಾಗಿಲ್ಲ. ಊರಿನವರು ಒಪ್ಪಬೇಕು, ನೆಲ ಒಪ್ಪಬೇಕು, ಎರಡನ್ನೂ ವಿಚಾರಿಸುತ್ತಿದ್ದಾರೆ.